ಅರ್ಧಾ ರೇಟಿನ ಸ್ವಿಸ್ ವಾಚು

ನನ್ನ ಮೈದುನ ಬ್ಯಾಡಗಿ ಪ್ಯಾಟಿಯ ಮೆಣಸಿನಕಾಯಿ ಖರೀದಿದಾರ. ಸೋಮವಾರ, ಗುರುವಾರ ಎಪಿಎಂಸಿಗೆ ಹೋದರೆ ಡಬ್ಬಿಯಾಗಲಿ ಕಡ್ಡಿಯಾಗಲಿ, ಕಾಯಿ ಮುರಿದು, ಬಣ್ಣ ನೋಡಿ, ಹಸಿ ಎಷ್ಟಿದೆಯೆಂದು ಅಂಗೈಯಲ್ಲಿ ಒತ್ತಿ ನೋಡಿಯೇ ಟೆಂಡರ್ ಹಾಕುವವನು. ಅಂಥವನು ನನ್ನ ಅಳಿಯನಿಗೆ ವಾಚು ತರುವಾಗ ನೋಡಿದ್ದು ರೇಟು ಒಂದನ್ನೇ. ಆ ಸಿಟ್ಟು ನನಗಿನ್ನೂ ಇಳಿದಿಲ್ಲ.

ಮಗಳ ಮದುವೆಗೆಂದು ಸಂಬಳದಲ್ಲಿ ಉಳಿಸಿ, ಹುಬ್ಬಳ್ಳಿಯ ಅಧಿಕೃತ ಡೀಲರ್ ಹತ್ತಿರ ಸ್ವಿಸ್ ಅಟೊಮ್ಯಾಟಿಕ್ ಒಂದನ್ನು ನೋಡಿಟ್ಟಿದ್ದೆ. "ವೈನೀ, ಅವರ ಅಂಗಡಿ ಬಾಡಿಗಿ ನಾವ್ಯಾಕ ಕಟ್ಟೂಣು? ಅದ ವಾಚು ಮುಂಬೈಲಿಂದ ಅರ್ಧಾ ರೇಟಿಗೆ ತರಸ್ತೀನಿ" ಅಂದ. ಮನೆಯ ಗಂಡಸರೆಲ್ಲ ಅವನ ಕಡೆಗೇ ಆದರು.

ಅಕ್ಕಿಕಾಳಿನ ದಿನವೇ ನನಗೆ ಸಂಶಯ ಬಂತು. ಸೆಕೆಂಡಿನ ಮುಳ್ಳು ಸೆಕೆಂಡಿಗೊಮ್ಮೆ ಟಕ್ಕೆಂದು ಜಿಗಿಯುತ್ತಿತ್ತು. ನಮ್ಮಪ್ಪ ದಿನಾ ಕೀಲಿ ಕೊಟ್ಟು ಕಟ್ಟುತ್ತಿದ್ದ ಎಚ್‌ಎಂಟಿ ಜನತಾದ ಮುಳ್ಳು ಸೆಕೆಂಡಿಗೆ ಐದು ಸಣ್ಣ ಹೆಜ್ಜೆ ಇಡುತ್ತ ಸರಿಯುತ್ತಿತ್ತು. ಈಗಿನ ಎಷ್ಟೋ ಅಟೊಮ್ಯಾಟಿಕ್‌ಗಳಲ್ಲಿ ಎಂಟು. ಹೀಗೆ ಜಿಗಿಯುವುದು ಬ್ಯಾಟರಿ ವಾಚಿನ ಲಕ್ಷಣ. ಮೈದುನನನ್ನು ಬದಿಗೆ ಕರೆದು ಹೇಳಿದೆ. "ಬೀಗರ ಮುಂದ ಮಾನಾ ಕಳೀಬ್ಯಾಡ್ರಿ" ಅಂತ ಬಾಯಿ ಮುಚ್ಚಿಸಿದ.

ಮಾನ ಹೋಗಿದ್ದು ಪಂಚಮಿಗೆ. ಮಗಳನ್ನು ಕರೆದೊಯ್ಯಲು ಬಂದ ಅಳಿಯನ ಕೈಯಲ್ಲಿ ವಾಚು ನಿಂತಿತ್ತು, ಗಾಜಿನೊಳಗೆ ಹಬೆ ಕಟ್ಟಿತ್ತು. ಇಬ್ಬರೂ ರಾಣೆಬೆನ್ನೂರಿನ ಹಳೆಯ ರಿಪೇರಿಯವರಲ್ಲಿಗೆ ಹೋದೆವು. ಅವರು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿ ಹಿಂದಿನ ಮುಚ್ಚಳ ತಿರುವಿದರು. ಒಳಗೆ ಉಗುರಿನಷ್ಟು ಮಷೀನು, ಅದು ಅಲ್ಲಾಡದಂತೆ ಸುತ್ತ ಪ್ಲಾಸ್ಟಿಕ್ ಬಳೆ, ಒಂದು ಗುಂಡಿ ಬ್ಯಾಟರಿ. ಕೈಯಾಡಿದಂತೆ ತಿರುಗಿ ಸ್ಪ್ರಿಂಗ್ ಸುತ್ತಬೇಕಾದ ರೋಟರ್ ಇಲ್ಲವೇ ಇಲ್ಲ. ನೀರು ತಡೆಯುವ ರಬ್ಬರ್ ವಾಶರ್ ಕೂಡ ಇಲ್ಲ, ಅಲ್ಲಿ ಬರೀ ತುಕ್ಕು. ರಿಪೇರಿಯವರು ಮಾತಾಡದೆ ದೀಪ ಹತ್ತಿರ ಎಳೆದು ತೋರಿಸಿದರು. ಅಳಿಯ ನನ್ನ ಮುಖ ನೋಡಲಿಲ್ಲ. "ಇರ್ಲಿ ಬಿಡ್ರಿ ಅತ್ತಿ, ನನಗ ಮೊಬೈಲಿನ್ಯಾಗ ಟೈಮ್ ನೋಡೂ ರೂಢಿ" ಅಂದ. ಒಳ್ಳೆಯ ಹುಡುಗ, ಅದಕ್ಕೇ ಆ ಮಾತು ಹೆಚ್ಚು ಚುಚ್ಚಿತು. ಅವರ ಮನೆಯಲ್ಲಿ ಇದನ್ನು ಮೊದಲು ಯಾರು ಕಂಡರೋ, ಏನು ಆಡಿಕೊಂಡರೋ, ನನ್ನ ಮಗಳು ಏನೇನು ಕೇಳಿಸಿಕೊಂಡಳೋ. ವಾಪಸ್ ಬಸ್ಸಿನಲ್ಲಿ ಬ್ಯಾಡಗಿ ಬರುವವರೆಗೂ ನನಗೆ ಅದೇ ಯೋಚನೆ.

ಹುಬ್ಬಳ್ಳಿಗೆ ಹೋಗಿ, ಮೊದಲು ನೋಡಿಟ್ಟಿದ್ದ ವಾಚನ್ನೇ ಪೂರಾ ದುಡ್ಡು ಕೊಟ್ಟು ತಂದೆ. ಯಾರನ್ನೂ ಕೇಳಲಿಲ್ಲ.

ಕೊಳ್ಳುವವರು ಬಿಲ್ಲಿನಲ್ಲಿ ಸೀರಿಯಲ್ ನಂಬರ್ ಬರೆಸಿ, ವಾರಂಟಿ ಕಾರ್ಡಿಗೂ ವಾಚಿಗೂ ತಾಳೆ ನೋಡಿ. ಸಫೈರ್ ಗಾಜು ಕೇಳಿ, ಸುಲಭಕ್ಕೆ ಗೀರು ಬೀಳುವುದಿಲ್ಲ. 30 ಮೀಟರ್ ಎಂದಿದ್ದರೆ ಅದು ಕೈ ತೊಳೆಯುವಾಗಿನ ಹನಿಗಷ್ಟೇ, ಸ್ನಾನಕ್ಕಲ್ಲ. 'ಸ್ವಿಸ್ ಮೇಡ್' ಅನ್ನಿಸಿಕೊಳ್ಳಲು 2017ರಿಂದ ತಯಾರಿಕಾ ವೆಚ್ಚದ ಕನಿಷ್ಠ ಶೇ. 60 ಸ್ವಿಟ್ಜರ್ಲೆಂಡಿನಲ್ಲೇ ಆಗಿರಬೇಕು. ಅಲ್ಲಿಯ ಕೂಲಿ ಕೊಟ್ಟು ಮಾಡಿದ ಹೊಸ ವಾಚು ಅರ್ಧಾ ರೇಟಿಗೆ ಎಲ್ಲಿಂದ ಬರಬೇಕು? ಅಷ್ಟು ದುಡ್ಡಿಲ್ಲದಿದ್ದರೆ ಒಂದು ಅಸಲಿ ಟೈಟನ್ ಕೊಡಿ, ಅದರಲ್ಲಿ ಅವಮಾನವೇನೂ ಇಲ್ಲ.

ಹಳೆಯ ಎಚ್‌ಎಂಟಿ ಹುಡುಕುವವರೂ ಎಚ್ಚರ. 1961ರಲ್ಲಿ ಸಿಟಿಜನ್ ಸಹಯೋಗದಿಂದ ಬೆಂಗಳೂರಲ್ಲಿ ಶುರುವಾದ ಆ ವಾಚು ತಯಾರಿಕೆಗೆ ಬಾಗಿಲು ಹಾಕಲು ಕೇಂದ್ರ 2016ರಲ್ಲಿ ಒಪ್ಪಿತು. ಈಗ ಹೊಸದರಂತೆ ಹೊಳೆಯುತ್ತ ಅಗ್ಗಕ್ಕೆ ಸಿಗುವ ಎಷ್ಟೋ ವಾಚುಗಳ ಡಯಲ್‌ಗೆ ಮತ್ತೆ ಬಣ್ಣ ಹೊಡೆದಿರುತ್ತಾರೆ. ದುಡ್ಡು ಕೊಡುವ ಮೊದಲು ಹಿಂದಿನ ಮುಚ್ಚಳ ತೆಗೆಸಿ ನೋಡಿ. ತೆಗೆಯಲು ಒಪ್ಪದವರ ಹತ್ತಿರ ಕೊಳ್ಳಬೇಡಿ.