ವಿಷವೈದ್ಯರ ಸಂಘವೂ ಕ್ಯಾಶುವಾಲಿಟಿಯ ಪಾಠಗಳೂ

ಬದಿಯಡ್ಕ ಕಡೆಯ ನಮ್ಮ ನೆಂಟರು ಮದುವೆ ಮನೆಯಲ್ಲಿ ಸಿಕ್ಕಾಗಲೆಲ್ಲ ಕೇಳುತ್ತಾರೆ: “ನೀನು ಯಾವುದರ ಸ್ಪೆಷಲಿಸ್ಟು ಮಾರಾಯ?” ಹೃದಯ ಎಂದರೆ ಅರ್ಥವಾಗುತ್ತದೆ, ಮೂಳೆ ಎಂದರೂ ಆಗುತ್ತದೆ. ವಿಷ ಎಂದರೆ ಕೈಯಲ್ಲಿದ್ದ ಹೋಳಿಗೆ ಅಲ್ಲೇ ನಿಲ್ಲುತ್ತದೆ. ಆಮೇಲೆ, “ಹಾವಿನದ್ದಾ?” ಹಾವಿನದ್ದೂ ಹೌದು. ತಿರುವನಂತಪುರದಲ್ಲಿ ಓದಿ, ಕೊಚ್ಚಿಯ ಕ್ಯಾಶುವಾಲಿಟಿಗಳಲ್ಲಿ ತಲೆಗೂದಲು ನರೆಸಿಕೊಂಡವನ ಕೆಲವು ಪಾಠಗಳನ್ನು ಇಲ್ಲಿ ಬರೆದಿದ್ದೇನೆ. ವೈದ್ಯರಲ್ಲದವರೂ ಓದಬಹುದು. ಕೆಲವು ಪಾಠ ನಿಮಗೇ ಹೆಚ್ಚು ಬೇಕಾದವು.

1. ವಿಷ ಕಲಿಸುವವರು ಒಂದು ಕಡೆ, ಚಿಕಿತ್ಸೆ ಕೊಡುವವರು ಇನ್ನೊಂದು ಕಡೆ

ನಮ್ಮ ಎಂಬಿಬಿಎಸ್‌ನಲ್ಲಿ ವಿಷಶಾಸ್ತ್ರವನ್ನು ಕಲಿಸುವುದು ಫೊರೆನ್ಸಿಕ್ ಮೆಡಿಸಿನ್ ವಿಭಾಗ, ಅಂದರೆ ಶವಪರೀಕ್ಷೆ ಮಾಡುವವರು. ರೋಗಿ ಬದುಕಿರುವಾಗ ಅವನನ್ನು ನೋಡುವವರು ಜನರಲ್ ಮೆಡಿಸಿನ್, ಮಕ್ಕಳ ವಿಭಾಗ ಅಥವಾ ಕ್ಯಾಶುವಾಲಿಟಿಯವರು. ವಿಷದ ಬಗ್ಗೆ ಚೆನ್ನಾಗಿ ತಿಳಿದವರ ಮುಂದೆ ರೋಗಿ ಬರುವುದು ಜೀವ ಹೋದ ಮೇಲೆ. ಜೀವ ಇರುವಾಗ ನೋಡುವವರು ಆ ಪುಸ್ತಕವನ್ನು ಪರೀಕ್ಷೆಯ ಮರುದಿನವೇ ಜೂನಿಯರ್‌ಗೆ ಮಾರಿರುತ್ತಾರೆ. ಎಮರ್ಜೆನ್ಸಿ ಮೆಡಿಸಿನ್‌ಗೆ ನಮ್ಮ ದೇಶದಲ್ಲಿ ಎಂ.ಡಿ. ಮಾನ್ಯತೆ ಸಿಕ್ಕಿದ್ದೇ 2009ರಲ್ಲಿ.

ಈ ಎರಡು ಕೋಣೆಗಳ ನಡುವೆ ಬಾಗಿಲು ಕೊರೆದದ್ದು ಇಂಡಿಯನ್ ಸೊಸೈಟಿ ಆಫ್ ಟಾಕ್ಸಿಕಾಲಜಿ. ಅದರ ಹಿಂದಿನ ಶಕ್ತಿ ಕೊಚ್ಚಿಯ ಅಮೃತ ಆಸ್ಪತ್ರೆಯ ಡಾ. ವಿ. ವಿ. ಪಿಳ್ಳೈ. ಅವರೂ ಫೊರೆನ್ಸಿಕ್ ಪ್ರಾಧ್ಯಾಪಕರೇ, ಆದರೆ ಬದುಕಿರುವ ರೋಗಿಯ ಕಡೆ ಮುಖ ಮಾಡಿದವರು. ಅದೇ ಆಸ್ಪತ್ರೆಯಲ್ಲಿ ವಿಷ ನಿಯಂತ್ರಣ ಕೇಂದ್ರ, ಸಂಘದ್ದೇ ಒಂದು ಜರ್ನಲ್, ‘ಟಾಕ್ಸೊಕಾನ್’ ಹೆಸರಿನ ಸಮ್ಮೇಳನ. ಯುರೋಪಿನವರು ಇಂಥ ಸಂಘ ಕಟ್ಟಿಕೊಂಡದ್ದು 1964ರಲ್ಲಿ, ಅಮೆರಿಕದವರು 1968ರಲ್ಲಿ. ನಮ್ಮದು ತಡವಾಯಿತು, ಆದರೂ ಬೇಕೇ ಬೇಕಿತ್ತು. ಏಕೆಂದರೆ ನಮ್ಮ ವಿಷಗಳೇ ಬೇರೆ. ಹಿನ್ನೀರಿನ ಅಂಚಿನ ಒತಳಂ ಮರದ ಕಾಯಿ, ರಬ್ಬರ್ ತೋಟದ ಆಸಿಡ್, ತರಗೆಲೆಯ ಅಡಿಯ ಗುಳಿಮಂಡಲ ಹಾವು: ವಿದೇಶಿ ಪಠ್ಯಪುಸ್ತಕ ಇವಕ್ಕೆ ಕೊಡುವ ಜಾಗ ಒಂದೆರಡು ಸಾಲು. ಒತಳಂ ತಿಂದವನ ಹೃದಯ ಬಡಿತ ನಿಧಾನವಾಗಿ, ರಕ್ತದ ಪೊಟ್ಯಾಸಿಯಂ ಏರುತ್ತಿದ್ದರೆ ತಾತ್ಕಾಲಿಕ ಪೇಸ್‌ಮೇಕರ್‌ಗೆ ಯಾವಾಗ ಕೈಹಾಕಬೇಕು ಎಂಬುದನ್ನು ಹೇಳಬಲ್ಲವರು ಅದನ್ನು ಮತ್ತೆ ಮತ್ತೆ ಕಂಡ ಕೇರಳದ ವೈದ್ಯರೇ. ಅವರ ಫೋನ್ ನಂಬರ್ ಸಿಗುವುದು ಸಮ್ಮೇಳನದ ಊಟದ ಸಾಲಿನಲ್ಲಿ. ಭಾಷಣಗಳಿಗಿಂತ ನನಗೆ ಉಪಯೋಗಕ್ಕೆ ಬಂದದ್ದು ಆ ಊಟದ ಸಾಲು.

2. ರೋಗಿ ಹೇಳಿದ್ದನ್ನು ಬರೆದುಕೊಳ್ಳಿ, ದೇಹ ಹೇಳಿದ್ದನ್ನು ನಂಬಿ

ಒಬ್ಬನಿಗೆ ನಾಚಿಕೆ, ಇನ್ನೊಬ್ಬನಿಗೆ ಪೊಲೀಸರ ಭಯ, ಮತ್ತೊಬ್ಬನಿಗೆ ತಾನು ಕುಡಿದದ್ದು ವಿಷ ಎಂಬುದೇ ಗೊತ್ತಿರುವುದಿಲ್ಲ. 2022ರ ಅಕ್ಟೋಬರ್‌ನ ಪಾರಶ್ಶಾಲ ಪ್ರಕರಣ ಕೇರಳದಲ್ಲಿ ಎಲ್ಲರಿಗೂ ಗೊತ್ತು. ಕಷಾಯದಲ್ಲಿ ಬೆರೆಸಿ ಕೊಟ್ಟ ಕಳೆನಾಶಕದಿಂದ ಯುವಕನೊಬ್ಬ ತಿರುವನಂತಪುರ ಮೆಡಿಕಲ್ ಕಾಲೇಜಿನಲ್ಲಿ ತೀರಿಕೊಂಡ. ಮ್ಯಾಜಿಸ್ಟ್ರೇಟರ ಮುಂದೆಯೂ ಅವನು ಯಾರ ಮೇಲೂ ದೂರು ಹೇಳಲಿಲ್ಲ. ಬಾಯಿ, ಗಂಟಲಲ್ಲಿ ಹುಣ್ಣು, ನಂತರ ಮೂತ್ರಪಿಂಡ, ಆಮೇಲೆ ಶ್ವಾಸಕೋಶ: ಈ ಕ್ರಮ ಕಂಡರೆ ವೈದ್ಯನ ತಲೆಯಲ್ಲಿ ಪ್ಯಾರಾಕ್ವಾಟ್ ಎಂಬ ಹೆಸರು ಮೂಡಬೇಕು. ಈ ವಿಷದಲ್ಲಿ ಆಮ್ಲಜನಕವನ್ನು ಕೂಡ ಅಳೆದು ಕೊಡಬೇಕು, ಅನಗತ್ಯವಾಗಿ ಕೊಟ್ಟರೆ ಶ್ವಾಸಕೋಶದ ಹಾನಿ ಹೆಚ್ಚುತ್ತದೆ. ಏದುಸಿರು ಬಿಡುವವನಿಗೆ ಮೊದಲು ಮಾಸ್ಕ್ ಹಾಕುವ ನಮ್ಮ ಕೈ ಇಲ್ಲಿ ತಡೆಯಬೇಕು.

2024ರಲ್ಲಿ ಆಲಪ್ಪುಳ ಜಿಲ್ಲೆಯ ಯುವತಿಯೊಬ್ಬಳ ಸಾವಿಗೆ ಕಣಗಿಲೆ ಕಾರಣ ಎಂಬ ಶಂಕೆ ಬಂತು. ಆ ಮೇ ತಿಂಗಳಲ್ಲಿ ತಿರುವನಂತಪುರದ ತಿರುವಿದಾಂಕೂರು ದೇವಸ್ವಂ ಬೋರ್ಡ್ ನೈವೇದ್ಯ, ಪ್ರಸಾದಗಳಲ್ಲಿ ಕಣಗಿಲೆ ಹೂವು ಬಳಸಬಾರದು ಎಂದಿತು. ವಾಂತಿ, ನಿಧಾನ ನಾಡಿ, ಇಸಿಜಿಯಲ್ಲಿ ಏರುಪೇರು ಇದ್ದರೆ ಈಗ ನಾನು “ಹಿತ್ತಲಲ್ಲಿ ಯಾವ ಗಿಡ ಇದೆ ಚೇಚೀ?” ಎಂದು ಕೇಳಿಯೇ ಮುಂದೆ ಹೋಗುತ್ತೇನೆ.

3. ಹೊಟ್ಟೆ ತೊಳೆಯುವುದು ಶಿಕ್ಷೆಯಲ್ಲ, ಪೂಜೆಯೂ ಅಲ್ಲ

ವಿಷ ಎಂದ ಕೂಡಲೇ ಮೂಗಿಗೆ ಕೊಳವೆ ಇಳಿಸಿ ಬಕೆಟ್‌ಗಟ್ಟಲೆ ನೀರು ಹಾಕುವ ಪದ್ಧತಿ ನಮ್ಮಲ್ಲಿ ಇನ್ನೂ ಹೋಗಿಲ್ಲ. ಮಾಡದಿದ್ದರೆ ಮನೆಯವರು, “ಡಾಕ್ಟ್ರು ಹೊಟ್ಟೆ ತೊಳೆಯಲೇ ಇಲ್ಲ” ಎನ್ನುತ್ತಾರೆ. 1997ರಲ್ಲಿ ಅಮೆರಿಕ ಮತ್ತು ಯುರೋಪಿನ ವಿಷವೈದ್ಯರ ಸಂಘಗಳು ಸೇರಿ, ಇದನ್ನು ಎಲ್ಲರಿಗೂ ಮಾಡಬೇಡಿ, ಜೀವಕ್ಕೆ ಅಪಾಯವಿರುವಷ್ಟು ತೆಗೆದುಕೊಂಡವರು ಒಂದು ಗಂಟೆಯೊಳಗೆ ಬಂದರೆ ಮಾತ್ರ ಯೋಚಿಸಿ ಎಂದು ಬರೆದವು. ಸೀಮೆಎಣ್ಣೆ ಕುಡಿದ ಮಗುವಿಗೆ, ಆಸಿಡ್ ಕುಡಿದವರಿಗೆ ಮಾಡಲೇಬಾರದು. ಸೀಮೆಎಣ್ಣೆ ಹೊಟ್ಟೆಯಲ್ಲಿ ಇದ್ದಾಗ ಮಾಡುವ ಕೆಡುಕಿಗಿಂತ ವಾಂತಿಯಾಗಿ ಶ್ವಾಸಕೋಶಕ್ಕೆ ಇಳಿದಾಗ ಮಾಡುವುದು ಹೆಚ್ಚು.

ಸಂಘ ಏತಕ್ಕೆ ಬೇಕು ಎಂದು ಕೇಳುವವರಿಗೆ ನನ್ನ ಉತ್ತರ ಇದೇ. ಹೊಸದನ್ನು ಕಲಿಸುವುದಕ್ಕೆ ಪುಸ್ತಕ ಸಾಕು. ಹಳೆಯದನ್ನು ಬಿಡಿಸಲು ನಾಲ್ಕು ಜನ ಹಿರಿಯರು ಸೇರಿ ಸಹಿ ಹಾಕಿದ ಕಾಗದ ಬೇಕು. ಕ್ಯಾಶುವಾಲಿಟಿಯ ಜೂನಿಯರ್ ಅದನ್ನು ತೋರಿಸಿ, “ನಾನಲ್ಲ, ಸಂಘ ಹೇಳಿದೆ” ಎನ್ನಬಹುದು.

4. ಅಟ್ರೋಪಿನ್ ಕೊಡುವಾಗ ಕಣ್ಣಲ್ಲ, ಎದೆ ನೋಡಿ

ಕೀಟನಾಶಕಗಳಲ್ಲಿ ನಮಗೆ ಹೆಚ್ಚು ಕಾಣುವುದು ಆರ್ಗನೋಫಾಸ್ಫರಸ್ ಗುಂಪು. ರೋಗಿ ತನ್ನದೇ ಕಫದಲ್ಲಿ ಮುಳುಗುತ್ತಿರುತ್ತಾನೆ: ಬಾಯಲ್ಲಿ ನೊರೆ, ಮೈತುಂಬ ಬೆವರು, ಸೂಜಿಮೊನೆಯಂಥ ಕಣ್ಣಿನ ಪಾಪೆ. ಅಟ್ರೋಪಿನ್ ಅದನ್ನು ಒಣಗಿಸುತ್ತದೆ. ಪಾಪೆ ಹಿಗ್ಗಿತೇ ಎಂದು ಟಾರ್ಚ್ ಹಿಡಿದು ನೋಡುತ್ತಾ ಕೂರುವ ಬದಲು ಎದೆಗೆ ಸ್ಟೆತಾಸ್ಕೋಪ್ ಇಡಬೇಕು. ಗೊರಗೊರ ಶಬ್ದ ನಿಲ್ಲಬೇಕು, ಕಂಕುಳು ಒಣಗಬೇಕು, ನಾಡಿ, ರಕ್ತದೊತ್ತಡ ಏಳಬೇಕು. ಅಲ್ಲಿಯವರೆಗೆ ಕೆಲವೇ ನಿಮಿಷಗಳಿಗೊಮ್ಮೆ ಹಿಂದಿನ ಪ್ರಮಾಣವನ್ನು ಇಮ್ಮಡಿಸುತ್ತಾ ಹೋಗಬೇಕು. ಔಷಧ ತರಲು ಹೋದ ಹುಡುಗ ಪೆಟ್ಟಿಗೆಗಟ್ಟಲೆ ಆಂಪೂಲ್ ತರಬೇಕಾಗುತ್ತದೆ. ಇದರ ಜೊತೆ ಕೊಡುವ ಪ್ರಾಲಿಡಾಕ್ಸಿಮ್ ಬಗ್ಗೆ ಮಾತ್ರ ನಮ್ಮೊಳಗೇ ಜಗಳ ಮುಗಿದಿಲ್ಲ. ಬಾರಾಮತಿಯಲ್ಲಿ ನಡೆದ ಅಧ್ಯಯನ ಲಾಭ ಇದೆ ಎಂದಿತು, ಶ್ರೀಲಂಕಾದ್ದು ಇಲ್ಲ ಎಂದಿತು.

ಎರಡನೆಯ, ಮೂರನೆಯ ದಿನ ಚೇತರಿಸಿಕೊಂಡು ಗಂಜಿ ಕೇಳುತ್ತಿರುವವನ ಹತ್ತಿರ ಹೋಗಿ ದಿಂಬಿನಿಂದ ತಲೆ ಎತ್ತಲು ಹೇಳಿ. ಎತ್ತಲಾಗದಿದ್ದರೆ ಕುತ್ತಿಗೆಯ ಸ್ನಾಯು ಸೋಲುತ್ತಿದೆ, ಮುಂದಿನ ಸರದಿ ಉಸಿರಿನದ್ದು. ಇದಕ್ಕೆ ಯಂತ್ರ ಬೇಡ, ಲ್ಯಾಬ್ ಬೇಡ. ನಾನು ಕಲಿತ ಪರೀಕ್ಷೆಗಳಲ್ಲೆಲ್ಲ ಅಗ್ಗದ್ದು ಇದು.

2018ರ ಡಿಸೆಂಬರ್ 14ರಂದು ಚಾಮರಾಜನಗರ ಜಿಲ್ಲೆಯ ಸುಳ್ವಾಡಿಯ ಕಿಚ್ಚುಗುತ್ತಿ ಮಾರಮ್ಮನ ಗುಡಿಯಲ್ಲಿ ಪ್ರಸಾದಕ್ಕೆ ಬೆರೆತದ್ದು ಇದೇ ಗುಂಪಿನ ಮೊನೊಕ್ರೊಟೊಫಾಸ್. 17 ಜನ ಸತ್ತರು, ನೂರಕ್ಕೂ ಹೆಚ್ಚು ಮಂದಿ ಅಸ್ವಸ್ಥರಾದರು. ರೋಗಿಗಳನ್ನು ಮೈಸೂರಿನ ಕೆ.ಆರ್. ಆಸ್ಪತ್ರೆ ಸೇರಿದಂತೆ ಹಲವು ಆಸ್ಪತ್ರೆಗಳಿಗೆ ಹಂಚಬೇಕಾಯಿತು. ಅಂಥ ದಿನ ಯಾವ ಆಸ್ಪತ್ರೆಯಲ್ಲಿ ಎಷ್ಟು ವೆಂಟಿಲೇಟರ್, ಎಷ್ಟು ಅಟ್ರೋಪಿನ್ ಇದೆ ಎಂಬ ಪಟ್ಟಿ ಮೊದಲೇ ಯಾರದೋ ಮೇಜಿನ ಮೇಲಿರಬೇಕು. ಕೇರಳದಲ್ಲೂ ಎಲ್ಲ ಜಿಲ್ಲೆಗಳಲ್ಲಿ ಅದು ಇದೆ ಎಂದು ಎದೆ ತಟ್ಟಿ ಹೇಳಲಾರೆ.

5. ವೈಪಿನ್‌ನ ಸಾರಾಯಿಯೂ ರಬ್ಬರ್ ತೋಟದ ಆಸಿಡ್ಡೂ ಒಂದೇ ಕಡೆ ಸೇರುತ್ತವೆ

1982ರ ಓಣಂ ಹಬ್ಬದಂದು ಕೊಚ್ಚಿಯ ಎದುರಿನ ವೈಪಿನ್ ದ್ವೀಪದಲ್ಲಿ ಮಿಥೈಲ್ ಆಲ್ಕೊಹಾಲ್ ಬೆರೆತ ಸಾರಾಯಿ ಕುಡಿದು 70ಕ್ಕೂ ಹೆಚ್ಚು ಜನ ಸತ್ತರು, ಎಷ್ಟೋ ಜನ ಕಣ್ಣು ಕಳೆದುಕೊಂಡರು. ಅದರ ಹಿಂದಿನ ವರ್ಷ ಬೆಂಗಳೂರಿನಲ್ಲಿ ಸತ್ತವರು 300ಕ್ಕೂ ಹೆಚ್ಚು. 2000ದ ಅಕ್ಟೋಬರ್‌ನಲ್ಲಿ ಕೊಲ್ಲಂ ಜಿಲ್ಲೆಯ ಕಲ್ಲುವಾದುಕ್ಕಲ್‌ನಲ್ಲಿ 31. ಮಿಥೈಲ್ ಆಲ್ಕೊಹಾಲ್ ತಾನಾಗಿ ಅಷ್ಟು ಕೆಡುಕು ಮಾಡುವುದಿಲ್ಲ. ಯಕೃತ್ತು ಅದನ್ನು ಒಡೆದು ಕೊನೆಗೆ ಫಾರ್ಮಿಕ್ ಆಸಿಡ್ ಮಾಡುತ್ತದೆ, ಕಣ್ಣಿನ ನರವನ್ನು ಸುಡುವುದು ಅದು. ಅದಕ್ಕೇ ರಾತ್ರಿ ಕುಡಿದವನು ಮರುದಿನ ಮಧ್ಯಾಹ್ನ, “ಎಲ್ಲ ಮಂಜು ಕವಿದ ಹಾಗಿದೆ ಸಾರ್” ಎನ್ನುತ್ತಾ ಬರುತ್ತಾನೆ.

ಇದೇ ಫಾರ್ಮಿಕ್ ಆಸಿಡ್ ರಬ್ಬರ್ ಹಾಲನ್ನು ಹೆಪ್ಪುಗಟ್ಟಿಸಿ ಶೀಟು ಮಾಡಲು ಬೇಕು. ಕೋಟ್ಟಯಂನಿಂದ ಸುಳ್ಯದವರೆಗೆ ರಬ್ಬರ್ ಇರುವ ಮನೆಗಳಲ್ಲೆಲ್ಲ ಇರುತ್ತದೆ, ಕ್ಯಾನಿನಿಂದ ಸ್ವಲ್ಪ ಬಗ್ಗಿಸಿ ನೀರಿನ ಬಾಟಲಿಯಲ್ಲಿ ಇಟ್ಟಿರುತ್ತಾರೆ. ಬಾಯಾರಿ ಬಂದವನು ಒಂದು ಗುಟುಕು ಎಳೆದರೆ ಅನ್ನನಾಳ ಸುಡುತ್ತದೆ, ರಕ್ತಕಣಗಳು ಒಡೆಯುತ್ತವೆ, ಮೂತ್ರಪಿಂಡ ನಿಲ್ಲುತ್ತದೆ. ರಬ್ಬರ್ ಬೆಳೆಗಾರರ ಸಭೆಗಳಲ್ಲಿ ಬೆಲೆಯ ಬಗ್ಗೆ ಗಂಟೆಗಟ್ಟಲೆ ಮಾತಾಗುತ್ತದೆ, ಈ ಬಾಟಲಿಯ ಬಗ್ಗೆ ಐದು ನಿಮಿಷ ಆಗುವುದಿಲ್ಲ.

ಮಿಥೈಲ್‌ಗೆ ಪ್ರತಿವಿಷ ಫೊಮೆಪಿಜೋಲ್. ನಮ್ಮಲ್ಲಿ ಬೇಕೆಂದಾಗ ಸಿಗುವುದು ಕಷ್ಟ. ಅದಿಲ್ಲದಿದ್ದರೆ ಈಥೈಲ್ ಆಲ್ಕೊಹಾಲ್, ಅಂದರೆ ಕುಡಿಯುವ ಮದ್ಯವೇ. ಮಿಥೈಲ್, ಈಥೈಲ್ ಎರಡೂ ಯಕೃತ್ತಿನ ಒಂದೇ ಕಿಣ್ವಕ್ಕೆ ಪೈಪೋಟಿ ನಡೆಸುತ್ತವೆ. ಜೊತೆಗೆ ಸೋಡಾ ಬೈಕಾರ್ಬ್, ಡಯಾಲಿಸಿಸ್. ರೋಗಿಯ ತಮ್ಮನಿಗೆ ಚೀಟಿ ಬರೆದು ಬೆವ್ಕೊ ಮದ್ಯದಂಗಡಿಗೆ ಓಡಿಸಿದರೆ ಅವನು ವೈದ್ಯನ ಮುಖವನ್ನೇ ಎರಡೆರಡು ಸಲ ನೋಡುತ್ತಾನೆ.

6. ಕೊಂದ ಹಾವನ್ನು ತರಬೇಡಿ

ನಮ್ಮ ದೇಶದ ಪ್ರತಿವಿಷ ನಾಲ್ಕು ಹಾವುಗಳಿಗೆ: ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ. ಪಶ್ಚಿಮಘಟ್ಟದ ತಪ್ಪಲಿನ ತೋಟಗಳಲ್ಲಿರುವ ಉಬ್ಬುಮೂಗಿನ ಗುಳಿಮಂಡಲಕ್ಕೆ ಅದು ನಾಟುವುದಿಲ್ಲ. ಈ ಪುಟ್ಟ ಹಾವಿನಿಂದ ಜೀವಕ್ಕೇ ಅಪಾಯ ಆಗಬಹುದು ಎಂದು ಭಾರತದಲ್ಲಿ ಮೊದಲು ಖಚಿತವಾಗಿ ದಾಖಲಿಸಿದ್ದು ಕೊಚ್ಚಿಯ ಪಕ್ಕದ ಅಂಗಮಾಲಿಯ ಲಿಟ್ಲ್ ಫ್ಲವರ್ ಆಸ್ಪತ್ರೆಯ ಡಾ. ಜೋಸೆಫ್ ಕೆ. ಜೋಸೆಫ್ ಮತ್ತು ಸಂಗಡಿಗರು, 2007ರಲ್ಲಿ. ದೊಡ್ಡ ಸಂಶೋಧನಾ ಸಂಸ್ಥೆಯಲ್ಲ, ಹಾವು ಕಡಿದವರು ಬರುವ ಆಸ್ಪತ್ರೆ.

ಹಾವನ್ನು ಹುಡುಕಿ ಹೊಡೆಯಲು ಹೋಗಿ ಎರಡನೆಯವನೂ ಕಚ್ಚಿಸಿಕೊಳ್ಳುವುದುಂಟು. ನಮಗೆ ಹಾವು ಬೇಡ. ಶುಭ್ರವಾದ ಒಣ ಗಾಜಿನ ಟ್ಯೂಬಿನಲ್ಲಿ ಒಂದಿಷ್ಟು ರಕ್ತ ಹಾಕಿ 20 ನಿಮಿಷ ಅಲುಗಾಡಿಸದೆ ಇಟ್ಟು ಓರೆ ಮಾಡಿದರೆ, ಹೆಪ್ಪುಗಟ್ಟಿಲ್ಲವೆಂದಾದರೆ ಮಂಡಲದ ವಿಷ ರಕ್ತಕ್ಕೆ ಇಳಿದಿದೆ ಎಂದು ಗೊತ್ತಾಗುತ್ತದೆ. ಕೇರಳದಲ್ಲಿ ನಾಟಿ ವಿಷವೈದ್ಯ ಪರಂಪರೆ ಗಟ್ಟಿ. ಕೊಚ್ಚಿ ರಾಜಮನೆತನದ ಕೊಚ್ಚುಣ್ಣಿ ತಂಬುರಾನ್ ಬರೆದ ‘ಪ್ರಯೋಗಸಮುಚ್ಚಯಂ’ ಅದರ ಗ್ರಂಥಗಳಲ್ಲಿ ಒಂದು. ಅಂಥ ವೈದ್ಯರ ಮನೆ ಸುತ್ತಿ ಬಂದವರನ್ನು ಗದರಿಸಬೇಡಿ. ಗದರಿಸಿದರೆ ಏನು ಕುಡಿಸಿದರು, ಎಷ್ಟು ಹೊತ್ತು ಕಳೆಯಿತು ಎಂಬುದೂ ನಮಗೆ ತಿಳಿಯುವುದಿಲ್ಲ. ಕರ್ನಾಟಕ 2024ರ ಫೆಬ್ರುವರಿಯಲ್ಲಿ ಹಾವು ಕಡಿತವನ್ನು ಸರ್ಕಾರಕ್ಕೆ ಕಡ್ಡಾಯವಾಗಿ ವರದಿ ಮಾಡಬೇಕಾದ ಪಟ್ಟಿಗೆ ಸೇರಿಸಿತು. ಒಳ್ಳೆಯ ಕೆಲಸ, ಲೆಕ್ಕ ಇಲ್ಲದೆ ಪ್ರತಿವಿಷದ ದಾಸ್ತಾನು ಆಗುವುದಿಲ್ಲ.

7. ಲ್ಯಾಬಿನ ವರದಿ ಕೋರ್ಟಿಗೆ, ಚಿಕಿತ್ಸೆ ಅದಕ್ಕೆ ಕಾಯುವುದಿಲ್ಲ

ಯಾವ ವಿಷ ಎಂದು ಪರೀಕ್ಷಿಸುವ ಕೇರಳದ ಕೆಮಿಕಲ್ ಎಕ್ಸಾಮಿನರ್ ಪ್ರಯೋಗಾಲಯದ ಕೇಂದ್ರ ತಿರುವನಂತಪುರದಲ್ಲಿದೆ, ಒಂದು ಶಾಖೆ ಕೊಚ್ಚಿಯ ಕಾಕ್ಕನಾಡಿನಲ್ಲಿ. ಅಲ್ಲಿಂದ ಉತ್ತರ ಬರುವಷ್ಟರಲ್ಲಿ ರೋಗಿ ಮನೆಗೆ ಹೋಗಿರುತ್ತಾನೆ ಅಥವಾ ಹೋಗಿಯೇ ಬಿಟ್ಟಿರುತ್ತಾನೆ.

8. ಆಂಬುಲೆನ್ಸಿನಲ್ಲಿ ಬಾರದ ವಿಷವೂ ಇದೆ

ಕ್ಯಾಶುವಾಲಿಟಿ ವೈದ್ಯರ ಕಣ್ಣಿಗೆ ಬೀಳುವುದು ಒಮ್ಮೆಗೇ ಬಡಿಯುವ ವಿಷ. ನಮ್ಮ ಕಾಸರಗೋಡು ಜಿಲ್ಲೆಯ ಎಣ್ಮಕಜೆಯ ಪಡ್ರೆಯಲ್ಲಿ ಆದದ್ದು ಹಾಗಲ್ಲ. ಕೇರಳ ಪ್ಲಾಂಟೇಶನ್ ಕಾರ್ಪೊರೇಶನ್ 1970ರ ದಶಕದ ಕೊನೆಯಿಂದ 2000ದವರೆಗೆ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿಸಿತು. ಊರಿನಲ್ಲಿ ಕಾಯಿಲೆಗಳು ಲೆಕ್ಕ ಮೀರಿವೆ ಎಂದು ಮೊದಲು ಅನುಮಾನಪಟ್ಟವರು ಅಲ್ಲಿಯ ಹಳ್ಳಿ ವೈದ್ಯ ಡಾ. ವೈ. ಎಸ್. ಮೋಹನ್ ಕುಮಾರ್. ಲೋಕಕ್ಕೆ ತಿಳಿಸಿದವರಲ್ಲಿ ಪತ್ರಕರ್ತ ಶ್ರೀಪಡ್ರೆ ಮುಂಚೂಣಿಯವರು. ಅಹಮದಾಬಾದಿನ ಔದ್ಯೋಗಿಕ ಆರೋಗ್ಯ ಸಂಸ್ಥೆ ಬಂದು ಮಕ್ಕಳ ರಕ್ತದಲ್ಲಿ ಎಂಡೋಸಲ್ಫಾನ್ ಕಂಡದ್ದು ಆಮೇಲೆ. ಸುಪ್ರೀಂ ಕೋರ್ಟಿನ ತಡೆ ಬಂದದ್ದು 2011ರ ಮೇ ತಿಂಗಳಲ್ಲಿ, ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಿ ಎಂಬ ಆದೇಶ 2017ರಲ್ಲಿ. ಎಂಡೋಸಲ್ಫಾನ್ ತಯಾರಾಗುತ್ತಿದ್ದ ಊರುಗಳಲ್ಲಿ ಒಂದು ಕೊಚ್ಚಿಯ ಏಲೂರು, ನಾನು ಕೆಲಸ ಮಾಡುವ ನಗರದ ಅಂಚು.

ತಜ್ಞರ ಸಂಘಗಳ ಮೇಲೆ ನನಗಿರುವ ಒಂದೇ ಆಕ್ಷೇಪ ಇಲ್ಲಿದೆ. ಸಮ್ಮೇಳನದ ವೇದಿಕೆಯಲ್ಲಿ ಕೂರುವವರೆಲ್ಲ ದೊಡ್ಡ ಆಸ್ಪತ್ರೆಯವರು. ಒಂದೇ ಊರಿನಲ್ಲಿ ವರ್ಷಗಟ್ಟಲೆ ಕುಳಿತು, ಯಾರ ಮನೆಯಲ್ಲಿ ಯಾವ ಮಗುವಿಗೆ ಏನಾಯಿತು ಎಂದು ತಿಳಿದ ಕ್ಲಿನಿಕ್ಕಿನ ಡಾಕ್ಟರಿಗೂ ಅಲ್ಲಿ ಕುರ್ಚಿ ಬೇಕು.

9. ರೋಗಿ ಉಳಿದ ಮೇಲೂ ಕೆಲಸ ಮುಗಿಯುವುದಿಲ್ಲ

ತಾನಾಗಿ ವಿಷ ತೆಗೆದುಕೊಂಡವರನ್ನು ಮನೋವೈದ್ಯರು ನೋಡದೆ ಡಿಸ್ಚಾರ್ಜ್ ಮಾಡಬಾರದು. ಬೆಳಗಿನ ರೌಂಡ್ಸಿನಲ್ಲಿ ಇಂಥವರ ಹಾಸಿಗೆಯ ಮುಂದೆ ಉಪದೇಶ ಮಾಡುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. 2017ರ ಮಾನಸಿಕ ಆರೋಗ್ಯ ಕಾಯ್ದೆ ಪ್ರಕಾರ ಅವರು ತೀವ್ರ ಒತ್ತಡದಲ್ಲಿದ್ದರು ಎಂದೇ ಕಾನೂನು ಭಾವಿಸುತ್ತದೆ, ಅವರಿಗೆ ಶಿಕ್ಷೆ ಇಲ್ಲ. ಹಾಗಾಗಿ ಮನೆಯವರು ಪೊಲೀಸ್ ಕೇಸಿಗೆ ಹೆದರಿ “ತಲೆನೋವಿನ ಮಾತ್ರೆ ಹೆಚ್ಚಾಯಿತು” ಎಂದು ಸುಳ್ಳು ಹೇಳಬೇಕಾಗಿಲ್ಲ. ಯಾರಿಗಾದರೂ ಮನಸ್ಸು ಕುಸಿಯುತ್ತಿದ್ದರೆ ಟೆಲಿ ಮಾನಸ್‌ಗೆ, 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೂ ಮಾತನಾಡುತ್ತಾರೆ.

ಮನೆಯಲ್ಲಿ ಯಾರಾದರೂ ವಿಷ ಕುಡಿದರೆ ವಾಂತಿ ಮಾಡಿಸಬೇಡಿ, ಉಪ್ಪು ನೀರು ಕುಡಿಸಬೇಡಿ. ಡಬ್ಬಿಯನ್ನೋ ಬಾಟಲಿಯನ್ನೋ ಜೊತೆಗೇ ಹಿಡಿದುಕೊಂಡು ಹೊರಡಿ. ಕೀಟನಾಶಕದ ಲೇಬಲ್ಲಿನಲ್ಲಿ ಹೆಸರು, ಅಪಾಯದ ಮಟ್ಟ ತೋರಿಸುವ ಬಣ್ಣದ ಗುರುತು, ಪ್ರತಿವಿಷದ ಸೂಚನೆ ಮೂರೂ ಇರುತ್ತವೆ. ತಿಂದದ್ದು ಗಿಡವಾದರೆ ಒಂದು ಗೆಲ್ಲು ಮುರಿದು ತನ್ನಿ. ದೆಹಲಿಯ ಏಮ್ಸ್‌ನಲ್ಲಿ 1995ರಿಂದ ಇರುವ ರಾಷ್ಟ್ರೀಯ ವಿಷ ಮಾಹಿತಿ ಕೇಂದ್ರದ ಉಚಿತ ದೂರವಾಣಿ 1800 116 117. ನಿಮ್ಮ ಊರಿನ ಡಾಕ್ಟರಿಗೂ ಈ ನಂಬರು ಕೊಡಿ.