ಅವರಿಲ್ಲದೆ ಐಸ್‌ಲ್ಯಾಂಡಿಗೆ ಹೊರಡಲೇ?

ಪ್ರಶ್ನೆ: ನನಗೆ 61. ನಿವೃತ್ತ ಶಿಕ್ಷಕಿ. ಐಸ್‌ಲ್ಯಾಂಡಿಗೆ ಹೋಗಿ ನಾರ್ದರ್ನ್ ಲೈಟ್ಸ್ ನೋಡಬೇಕೆಂದು ನಮ್ಮ ಯಜಮಾನರೂ ನಾನೂ ವರ್ಷಗಟ್ಟಲೆ ದುಡ್ಡು ಕೂಡಿಟ್ಟೆವು. ಹೋದ ವರ್ಷ ಅವರು ತೀರಿಕೊಂಡರು. ಈಗ ಮಗಳು, 'ನಾವಿಬ್ಬರೇ ಹೋಗೋಣ ಬಾಮ್ಮ' ಅನ್ನುತ್ತಾಳೆ. ವೀಸಾ ಅರ್ಜಿ ಮುಂದಿಟ್ಟುಕೊಂಡರೆ ಕೈ ಓಡುವುದಿಲ್ಲ. 'ವರ್ಷಾಬ್ದಿಕ ಮುಗಿದ ಕೂಡಲೇ ಪ್ರವಾಸವಾ?' ಅಂದರು ನಾದಿನಿ.
– ಹೆಸರು ಬೇಡ, ಹಾಸನ

ಉತ್ತರ: ಕೈ ಓಡದಿರುವುದು ಸಹಜ. ಆ ಷೆಂಗೆನ್ ವೀಸಾ ಅರ್ಜಿಯಲ್ಲಿ ವೈವಾಹಿಕ ಸ್ಥಿತಿ ಕೇಳುವ ಚೌಕಗಳಿವೆ. ಬ್ಯಾಂಕು, ಪಿಂಚಣಿಯ ಕಾಗದಗಳಲ್ಲಿ ನೀವು ಅದನ್ನು ಬರೆದಿರುತ್ತೀರಿ, ಬರೆಯದೆ ವಿಧಿಯಿರಲಿಲ್ಲ. ಸಂತೋಷಕ್ಕೆಂದು ಹೊರಡುವಾಗ ಅದನ್ನೇ ಬರೆಯುವುದು ಬೇರೆಯೇ ನೋವು. ಸಂಗಾತಿಯನ್ನು ಕಳೆದುಕೊಂಡು ಇದನ್ನು ಓದುತ್ತಿರುವ ಅನೇಕರಿಗೆ ಇದು ಗೊತ್ತು.

ಅವರ ಪಾಲಿನ ಸುಖವನ್ನೂ ನೀವೊಬ್ಬರೇ ಉಣ್ಣಲು ಹೊರಟಂತೆ ಅನಿಸುತ್ತಿರಬಹುದು. ಆದರೆ ಆ ದುಡ್ಡಿನಲ್ಲಿ ನಿಮ್ಮ ಆಸೆಯೂ ಇತ್ತಲ್ಲವೇ? ಅದು ಇನ್ನೂ ಬದುಕಿದೆ ಎಂಬುದು ತಪ್ಪಲ್ಲ.

ಒಂದು ಎಚ್ಚರವಿರಲಿ. ಈ ಪ್ರವಾಸವನ್ನು ಅವರ ಹೆಸರಿನ ಹರಕೆಯಾಗಿ ಮಾಡಿಕೊಳ್ಳಬೇಡಿ. ನಾರ್ದರ್ನ್ ಲೈಟ್ಸ್ ಕಾಣಲು ಕತ್ತಲಿರಬೇಕು, ಮೋಡ ಸರಿದಿರಬೇಕು, ಸೂರ್ಯನೂ ಚುರುಕಾಗಿರಬೇಕು. ವಾರವಿಡೀ ಕಾದು ಬರಿಗೈಯಲ್ಲಿ ಮರಳಿದವರಿದ್ದಾರೆ. ಹರಕೆ ಎಂದುಕೊಂಡು ಹೋದರೆ, ಮೋಡ ಕವಿದ ರಾತ್ರಿ ಅವರಿಗೇ ಏನೋ ತಪ್ಪು ಮಾಡಿದೆನೆಂದು ನೀವು ಕೊರಗುತ್ತೀರಿ. ಅದರ ಬದಲು ಹಗಲನ್ನು ನೆಚ್ಚಿಕೊಳ್ಳಿ. ರೇಕ್ಯಾವಿಕ್‌ನಲ್ಲೇ ಉಳಿದುಕೊಂಡು, ಥಿಂಗ್‌ವೆಲ್ಲಿರ್, ಗೇಸಿರ್, ಗುಲ್‌ಫಾಸ್ ಜಲಪಾತ ಮೂರನ್ನೂ ಒಂದೇ ದಿನ ಬಸ್ಸಿನಲ್ಲಿ ನೋಡಿಬರಬಹುದು. ಗೇಸಿರ್ ಬಳಿಯ ಸ್ಟ್ರೊಕ್ಕುರ್ ಬಿಸಿನೀರಿನ ಚಿಲುಮೆ ಕೆಲವೇ ನಿಮಿಷಗಳಿಗೊಮ್ಮೆ ಚಿಮ್ಮುತ್ತದೆ. 1,300 ಕಿ.ಮೀ. ದಾಟುವ ವರ್ತುಲ ರಸ್ತೆಯನ್ನು ಸುತ್ತಿಯೇ ಬರಬೇಕೆಂಬ ಹಟ ಈ ಸಲ ಬೇಡ.

ಡಿಸೆಂಬರ್ ಕೂಡ ಬೇಡ ಎನ್ನುತ್ತೇನೆ. ಆಗ ಅಲ್ಲಿ ಹಗಲು ನಾಲ್ಕೈದು ಗಂಟೆ ಮಾತ್ರ. ಈಗಿನ ನಿಮ್ಮ ಮನಸ್ಸಿಗೆ ಅಷ್ಟು ಕತ್ತಲನ್ನು ಹೊರಿಸಬೇಡಿ. ಸೆಪ್ಟೆಂಬರ್ ಕೊನೆಯಲ್ಲಿ ಹಗಲು ಇರುಳು ಹೆಚ್ಚುಕಡಿಮೆ ಸಮ, ನಾರ್ದರ್ನ್ ಲೈಟ್ಸ್ ಕಾಣುವ ಸಾಧ್ಯತೆಯೂ ಇರುತ್ತದೆ. ಚಳಿಗಿಂತ ಗಾಳಿ ಮಳೆಯೇ ಹೆಚ್ಚು ಕಾಡುವುದರಿಂದ ನೀರು, ಗಾಳಿ ತಡೆಯುವ ಕೋಟು ಬೇಕು. ವೀಸಾಕ್ಕೆ ಆರು ತಿಂಗಳು ಮೊದಲೇ ಅರ್ಜಿ ಹಾಕಬಹುದು, ಕನಿಷ್ಠ 30,000 ಯೂರೋ ವೈದ್ಯಕೀಯ ವಿಮೆ ಕಡ್ಡಾಯ.

ನಿಮ್ಮ ನಾದಿನಿ ಕಳೆದುಕೊಂಡಿರುವುದು ಒಡಹುಟ್ಟಿದವನನ್ನು. ಆ ಮಾತಿನಲ್ಲಿ ಅವರ ದುಃಖವೂ ಇದ್ದೀತು. ಒಮ್ಮೆ ಹೋಗಿ ಕೂತು ಮಾತಾಡಿ, ಅಪ್ಪಣೆ ಕೇಳಲು ಅಲ್ಲ, ತಿಳಿಸಲು. ಮಗಳೊಂದಿಗೂ ಒಂದು ಒಪ್ಪಂದವಿರಲಿ: ಅಲ್ಲಿ ಯಾವುದಾದರೂ ದಿನ ಅಳು ಒತ್ತರಿಸಿ ಬಂದರೆ ಅಂದು ಎಲ್ಲಿಗೂ ಹೋಗುವುದಿಲ್ಲ. ಅವಳೂ ಅಪ್ಪನನ್ನು ಕಳೆದುಕೊಂಡವಳೇ.

ಊಟ, ನಿದ್ದೆ ವಾರಗಟ್ಟಲೆ ಕೆಟ್ಟಿದ್ದರೆ, ಯಾವುದರಲ್ಲೂ ಮನಸ್ಸು ನಿಲ್ಲದಿದ್ದರೆ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416ಕ್ಕೆ ಕರೆ ಮಾಡಿ. ಉಚಿತ, ಹಗಲಿರುಳೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು.

ಅರ್ಜಿಯನ್ನು ಇವತ್ತೇ ತುಂಬಬೇಕಾಗಿಲ್ಲ. ಮಗಳು ಪಕ್ಕದಲ್ಲಿ ಕೂತಿರುವಾಗ ಆ ಚೌಕಕ್ಕೆ ಗುರುತು ಹಾಕಿ.