ಹಸು ಮಾತಾಡುವ ಕಥೆ ಸುಳ್ಳೇ?

ಕೋಣನಕುಂಟೆಯಲ್ಲಿ ನನ್ನ ಬಳಿ ಓದಲು ಬರುವ ಹುಡುಗಿಯೊಬ್ಬಳ ತಾಯಿ ಒಂದು ಸಂಜೆ ಕೇಳಿದರು: "ಹಜ್ರತ್, ಶಾಲೆಯಲ್ಲಿ ಗೋವಿನ ಹಾಡು ಕಲಿಸುತ್ತಿದ್ದಾರೆ. ಅದರಲ್ಲಿ ಹಸು, ಹುಲಿ ಮಾತಾಡುತ್ತವಂತೆ. ಇಂಥ ಸುಳ್ಳನ್ನು ಮಕ್ಕಳು ಬಾಯಿಪಾಠ ಮಾಡಬಹುದೇ?"

ಪ್ರಿಯ ಓದುಗರೇ, ಈ ಸಂದೇಹ ನಿಮ್ಮಲ್ಲೂ ಕೆಲವರಿಗೆ ಬಂದಿರಬಹುದು. ಹಸು ಮಾತಾಡುವುದಿಲ್ಲವೆಂದು ಹೇಳುವವರಿಗೂ ಗೊತ್ತು, ಕೇಳುವ ಮಗುವಿಗೂ ಗೊತ್ತು. ಇಲ್ಲಿ ಯಾರೂ ಯಾರನ್ನೂ ವಂಚಿಸುತ್ತಿಲ್ಲ. ಪುಣ್ಯಕೋಟಿ ಕೊಟ್ಟ ಮಾತಿಗಾಗಿ ಹುಲಿಯ ಬಳಿಗೆ ಮರಳಿತೆಂಬುದು ಮಗುವಿನ ಮನಸ್ಸಿನಲ್ಲಿ ಉಳಿಯುತ್ತದೆ. ಪಂಚತಂತ್ರದ ಪ್ರಾಣಿಗಳೂ ಹಾಗೆಯೇ. 8ನೇ ಶತಮಾನದಲ್ಲಿ ಇಬ್ನುಲ್ ಮುಕಫ್ಫಅ್ ಆ ಕಥೆಗಳನ್ನು 'ಕಲೀಲ ವ ದಿಮ್ನ' ಎಂಬ ಹೆಸರಿನಲ್ಲಿ ಅರಬಿಗೆ ತಂದರು. 11ನೇ ಶತಮಾನದಲ್ಲಿ ದುರ್ಗಸಿಂಹ ಕನ್ನಡಕ್ಕೆ ತಂದನು.

ಹಾಗಾದರೆ ಸುಳ್ಳು ಎಲ್ಲಿದೆ? ಅಬ್ದುಲ್ಲಾ ಬಿನ್ ಆಮಿರ್(ರ) ಬಾಲಕರಾಗಿದ್ದಾಗ, ಬಂದರೆ ಏನೋ ಕೊಡುವೆನೆಂದು ತಾಯಿ ಅವರನ್ನು ಕರೆದರು. ಏನು ಕೊಡಲಿದ್ದೀರಿ ಎಂದು ಪ್ರವಾದಿ(ಸ) ವಿಚಾರಿಸಿದರು. ಖರ್ಜೂರವೆಂದರು ತಾಯಿ. ಏನನ್ನೂ ಕೊಡದಿದ್ದರೆ ಅದು ಸುಳ್ಳೆಂದು ದಾಖಲಾಗುತ್ತಿತ್ತೆಂದು ಪ್ರವಾದಿ(ಸ) ಎಚ್ಚರಿಸಿದ್ದು ಅಬೂದಾವೂದ್‌ನಲ್ಲಿದೆ. ತುತ್ತು ನುಂಗಿಸಲು "ಭಾನುವಾರ ಬನ್ನೇರುಘಟ್ಟದ ಹುಲಿ ತೋರಿಸುತ್ತೇನೆ" ಎನ್ನುತ್ತೇವೆ. ಎಷ್ಟು ಭಾನುವಾರಗಳು ಕಳೆದವು?

ಇಷ್ಟು ಹೇಳಿ ಮುಗಿಸುವವನಿದ್ದೆ. ಹುಡುಗಿ ಬಿಡಲಿಲ್ಲ. "ಹಜ್ರತ್, ಪ್ರವಾದಿಯವರ ಮೇಲೆ ದಿನಾ ಕಸ ಎಸೆಯುತ್ತಿದ್ದ ಅಜ್ಜಿಯ ಕಥೆ ಹೇಳಿದ್ದಿರಲ್ಲ, ಅದು ನಿಜವೋ ಕಥೆಯೋ?"

ಅಜ್ಜಿ ಒಂದು ದಿನ ಕಾಣದಾದಾಗ ಪ್ರವಾದಿ(ಸ) ಅವಳ ಆರೋಗ್ಯ ವಿಚಾರಿಸಲು ಹೋದರೆಂಬ ಈ ಕಥೆಯನ್ನು ನೀವೂ ಕೇಳಿದ್ದೀರಿ. ನಾನು ವರ್ಷಗಳಿಂದ ಹೇಳುತ್ತಿದ್ದೆ. ಆ ರಾತ್ರಿ ಹುಡುಕಿದೆ. ಪ್ರಮಾಣೀಕೃತ ಹದೀಸ್ ಸಂಗ್ರಹಗಳಲ್ಲಿ ಅದಿಲ್ಲ. ತಮ್ಮ ಹೆಸರಿನಲ್ಲಿ ಬೇಕೆಂದೇ ಸುಳ್ಳು ಹೇಳುವವನ ನೆಲೆ ನರಕವೆಂದು ಪ್ರವಾದಿ(ಸ) ತಿಳಿಸಿದ್ದಾರೆ. ನಾನು ಬೇಕೆಂದು ಹೇಳಿದವನಲ್ಲ, ನಿಜ. ಆದರೆ ವಿಚಾರಿಸದೆ ಹೇಳಿದ್ದೆ. ಯೂಸುಫರ ವೃತ್ತಾಂತವನ್ನು ಅತ್ಯುತ್ತಮ ಕಥನವೆಂದು ಕರೆದ ಕುರ್‌ಆನ್, ಅದೇ ಅಧ್ಯಾಯದ ಕೊನೆಯಲ್ಲಿ (12:111) ಅದು ಕಟ್ಟುಕಥೆಯಲ್ಲವೆಂದೂ ಸಾರುತ್ತದೆ. ಮಾತಾಡುವ ಹುಲಿಯ ಬಗ್ಗೆ ತೋರಿದ ಎಚ್ಚರ ನಮಗೆ ಇಲ್ಲಿ ಏಕೆ ಬರಲಿಲ್ಲ?

ಮರುದಿನ ಮಕ್ಕಳೆದುರು ತಪ್ಪೊಪ್ಪಿಕೊಂಡೆ. ಪ್ರವಾದಿಯವರ(ಸ) ಸೇವೆ ಮಾಡುತ್ತಿದ್ದ ಯಹೂದಿ ಬಾಲಕ ಕಾಯಿಲೆ ಬಿದ್ದಾಗ ಅವರು ಹೋಗಿ ಅವನ ತಲೆಯ ಬಳಿ ಕುಳಿತ ಘಟನೆಯನ್ನು ಹೇಳಿದೆ.

"ಇದು ಯಾವ ಪುಸ್ತಕದಲ್ಲಿದೆ?" ಎಂದಳು ಹುಡುಗಿ. ಬುಖಾರಿಯನ್ನು ತೆಗೆದು ಪುಟ ತೋರಿಸಿದೆ.